ನಡುವೆ ಮೊಳೆಯಿರುವ ನಕ್ಷತ್ರ, ತ್ರಿಕೋನ, ಮೂರು ರೆಕ್ಕೆ: ಸೆಕ್ಯುರಿಟಿ ಸ್ಕ್ರೂಗಳನ್ನು ತಲೆ ಸವೆಸದೆ ಬಿಚ್ಚುವುದು

ಮೂರನೇ ಕೈ:
ಬಿಚ್ಚಬೇಕಾದ ವಸ್ತು ಮೂರು, ಮೂರರ ಸ್ಕ್ರೂಗಳೂ ಬೇರೆ ಬೇರೆ. ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಆರು ಮೂಲೆಯ ನಕ್ಷತ್ರ, ಅದರ ನಟ್ಟನಡುವೆ ಸಣ್ಣ ಮೊಳೆ ಎದ್ದಿದೆ. ಒಂದು ಪವರ್ ಅಡಾಪ್ಟರ್‌ನಲ್ಲಿ ಆಳದ ತೂತಿನ ತಳದಲ್ಲಿ ತ್ರಿಕೋನ ಗುಂಡಿಯ ಸ್ಕ್ರೂ. ಹಳೇ ನಿಂಟೆಂಡೊ ಕಾರ್ಟ್ರಿಜ್‌ನಲ್ಲಂತೂ ಸ್ಕ್ರೂ ತಲೆಗೆ ಗುಂಡಿಯೇ ಇಲ್ಲ, ಹೊರ ಅಂಚಿನ ಸುತ್ತ ಅರ್ಧಚಂದ್ರದಂಥ ಕಚ್ಚುಗಳಿವೆ. ಯಾವುದಕ್ಕೆ ಯಾವ ಬಿಟ್ (ಸ್ಕ್ರೂಡ್ರೈವರ್ ಹಿಡಿಕೆಗೆ ಸಿಕ್ಕಿಸುವ ತುದಿ), ಎಷ್ಟು ಅಳತೆ? ಬಿಟ್ ಕೈಗೆ ಬರುವವರೆಗೆ ಬೇರೆ ದಾರಿ ಇದೆಯೇ? ಕಂಟ್ರೋಲರ್‌ನ ಒಂದು ಸ್ಕ್ರೂ ತಲೆ ಈಗಾಗಲೇ ಸ್ವಲ್ಪ ಸವೆದಿದೆ.

ಬೆಸುಗೆಮನೆ:
ಆರು ಮೂಲೆಯ ನಕ್ಷತ್ರಕ್ಕೆ ಟಾರ್ಕ್ಸ್ ಅನ್ನುತ್ತಾರೆ, ನಡುವೆ ಮೊಳೆ ಇದ್ದರೆ ಸೆಕ್ಯುರಿಟಿ ಟಾರ್ಕ್ಸ್. ಕಂಟ್ರೋಲರ್‌ಗೆ ಬೇಕಾದದ್ದು ಸೆಕ್ಯುರಿಟಿ ಟಾರ್ಕ್ಸ್ 8. ಬಿಟ್ ಮೇಲೆ ಟಿಆರ್8 ಅಂತಲೋ ಟಿ8ಎಚ್ ಅಂತಲೋ ಬರೆದಿರುತ್ತದೆ, ಎರಡೂ ಒಂದೇ. ಅದರ ತುದಿಯಲ್ಲಿ ಸಣ್ಣ ತೂತಿರುತ್ತದೆ, ಸ್ಕ್ರೂವಿನ ಮೊಳೆ ಅದರೊಳಗೆ ಕೂರುತ್ತದೆ. ಅಷ್ಟೇ ವ್ಯತ್ಯಾಸ. ಮೊಳೆ ಇದ್ದ ಮಾತ್ರಕ್ಕೆ ಸ್ಕ್ರೂ ಗಟ್ಟಿಯಾಗುವುದಿಲ್ಲ, ಸಾಮಾನ್ಯ ಟಿ8 ಒಳಗೆ ಇಳಿಯದಂತೆ ತಡೆಯುತ್ತದೆ ಅಷ್ಟೆ.

ಅಳತೆ ಮಾತ್ರ ಕಣ್ಣಳತೆಯಲ್ಲಿ ನಂಬಬೇಡಿ. ಮೂಲೆಯಿಂದ ಎದುರಿನ ಮೂಲೆಗೆ ಟಿ8 ಸುಮಾರು 2.3 ಮಿ.ಮೀ., ಟಿ9 ಸುಮಾರು 2.5, ಟಿ10 ಸುಮಾರು 2.7. ಹೆಜ್ಜೆಗೆ 0.2 ಮಿ.ಮೀ. ಅಂತರ. ಒಂದು ಸೈಜ್ ಚಿಕ್ಕ ಬಿಟ್ ಸಲೀಸಾಗಿ ಒಳಗೆ ಹೋಗುತ್ತದೆ, ತಿರುಗಿಸಿದಾಗ ಸ್ವಲ್ಪ ಕಚ್ಚಿದ ಹಾಗೂ ಅನಿಸುತ್ತದೆ. ನಿಜಕ್ಕೂ ಅದು ಆರು ಮೂಲೆಗಳ ಅಂಚನ್ನು ಮಾತ್ರ ಮುಟ್ಟಿರುತ್ತದೆ, ಬಲ ಹಾಕಿದ ಕೂಡಲೇ ಆ ಅಂಚುಗಳನ್ನು ಕೆರೆದುಬಿಡುತ್ತದೆ. ನಿಮ್ಮ ಸ್ಕ್ರೂ ಸವೆದದ್ದೂ ಬಹುಶಃ ಹೀಗೇ.

ಪರೀಕ್ಷೆ ಸುಲಭ. ಬಿಟ್ಟನ್ನು ಸ್ಕ್ರೂವಿನಲ್ಲಿ ಕೂರಿಸಿ, ಬಲ ಹಾಕದೆ ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಸರಿಯಾದ ಬಿಟ್‌ನಲ್ಲಿ ಅಲುಗಾಟ ಇದ್ದೂ ಇಲ್ಲದಷ್ಟು. ಚಿಕ್ಕದಾದರೆ ಕಟ್ ಕಟ್ ಅಂತ ಎರಡೂ ಕಡೆ ಬಡಿಯುವುದು ಬೆರಳಿಗೆ ಗೊತ್ತಾಗುತ್ತದೆ. ತಳದವರೆಗೆ ಇಳಿಯುವ ಬಿಟ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದೇ ನಿಮ್ಮ ಸೈಜ್.

ಆ ಕಂಟ್ರೋಲರ್‌ನಲ್ಲಿ ಕಾಣುವ ಸ್ಕ್ರೂ ನಾಲ್ಕೇ, ಅದೂ ಎರಡೂ ಹಿಡಿಕೆಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಕಿತ್ತ ಮೇಲೆ. ಐದನೆಯದು ಬ್ಯಾಟರಿ ಗೂಡಿನ ಸ್ಟಿಕರ್ ಕೆಳಗಿದೆ. ನಾಲ್ಕನ್ನು ಬಿಚ್ಚಿ ಕವಚ ಬರಲಿಲ್ಲವೆಂದು ಜಗ್ಗಿದರೆ ಆ ಐದನೆಯದರ ಬುಡವೇ ಸೀಳುತ್ತದೆ.

ಕೆಪಾಸಿಟರ್ ಕಾವಲು:
ಅಡಾಪ್ಟರ್ ಬಿಚ್ಚುವ ಮೊದಲು ಇದನ್ನು ದಯವಿಟ್ಟು ಓದಿ. ತ್ರಿಕೋನ ಸ್ಕ್ರೂವನ್ನು ಎಷ್ಟೋ ಸಲ ಮೇನ್ಸ್ ವಿದ್ಯುತ್ ಇರುವ ಕಡೆ ಹಾಕಿರುತ್ತಾರೆ, ಕಾರಣ ಇದೆ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಸುಮಾರು 325 ವೋಲ್ಟ್‌ವರೆಗೆ ತುಂಬುತ್ತದೆ. ಪ್ಲಗ್ ಕಿತ್ತರೂ ಅದು ಖಾಲಿಯಾಗಿರುತ್ತದೆ ಎಂಬ ಖಾತರಿ ಇಲ್ಲ. ಸರ್ಕ್ಯೂಟ್ ಕೆಟ್ಟಿದ್ದರಂತೂ ಖಾಲಿಯಾಗಲು ದಾರಿಯೇ ಇರುವುದಿಲ್ಲ. ಕೆಟ್ಟ ಅಡಾಪ್ಟರೇ ಹೆಚ್ಚು ಅಪಾಯ ಅನ್ನುವುದು ಇದಕ್ಕೆ.

ಮಾಡಬೇಕಾದದ್ದು: 2.2 ಕಿಲೋ ಓಮ್, 5ರಿಂದ 10 ವಾಟ್‌ನ ರೆಸಿಸ್ಟರ್ ತೆಗೆದುಕೊಳ್ಳಿ, ಎರಡೂ ಕಾಲಿಗೆ ಇನ್ಸುಲೇಶನ್ ಇರುವ ವೈರ್ ಬೆಸೆಯಿರಿ, ಬೆಸೆದ ಜಾಗಕ್ಕೆ ಸ್ಲೀವ್ ಹಾಕಿ. ಕೆಪಾಸಿಟರ್‌ನ ಎರಡು ಕಾಲಿಗೆ ಮುಟ್ಟಿಸಿ 5 ಸೆಕೆಂಡ್ ಹಿಡಿಯಿರಿ. 220 ಮೈಕ್ರೊಫ್ಯಾರಡ್ ಇದ್ದರೆ ಸುಮಾರು ಎರಡೂವರೆ ಸೆಕೆಂಡ್‌ಗೇ ಬಹುಪಾಲು ಇಳಿದಿರುತ್ತದೆ. ಆಮೇಲೆ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ನೋಡಿ, 10 ವೋಲ್ಟ್‌ಗಿಂತ ಕೆಳಗೆ ಬಂದ ಮೇಲೆಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವವರಿದ್ದಾರೆ. ಅದರಿಂದ ಕಿಡಿ ಹಾರುತ್ತದೆ, ತುದಿ ಕರಗಿ ಗುಳಿ ಬೀಳುತ್ತದೆ, ಬೋರ್ಡಿನ ತಾಮ್ರದ ಗೆರೆಯೂ ಹಾರಿಹೋಗಬಹುದು.

ಮೈಕ್ರೋವೇವ್ ಓವನ್ ಮತ್ತು ಹಳೇ ಪಿಕ್ಚರ್ ಟ್ಯೂಬ್ ಟಿವಿಗೆ ಈ ವಿಧಾನ ಸಾಲದು. ಓವನ್ ಕೆಪಾಸಿಟರ್‌ನಲ್ಲಿ ಸಾವಿರಗಟ್ಟಲೆ ವೋಲ್ಟ್, ಟ್ಯೂಬ್‌ನ ಆನೋಡ್‌ನಲ್ಲಿ 20 ಸಾವಿರಕ್ಕೂ ಮೇಲೆ. ಅವುಗಳ ಸ್ಕ್ರೂ ಬಿಚ್ಚುವ ಉಪಾಯ ಇಲ್ಲಿ ಯಾರೂ ಬರೆಯದಿದ್ದರೆ ಒಳ್ಳೆಯದು, ಆ ಕೆಲಸ ಕಲಿತವರ ಜೊತೆ ನಿಂತು ಕಲಿಯಬೇಕಾದದ್ದು.

ಮೂರನೇ ಕೈ:
ಇದನ್ನು ಯೋಚಿಸಿರಲಿಲ್ಲ, ಧನ್ಯವಾದ. ರೆಸಿಸ್ಟರ್ ಸಿದ್ಧ ಮಾಡಿಕೊಂಡೇ ಮುಂದುವರಿಯುತ್ತೇನೆ. ತ್ರಿಕೋನದ ಬಿಟ್‌ಗೆ ಅಳತೆ ಯಾವುದು?

ಕೆಪಾಸಿಟರ್ ಕಾವಲು:
ಸೆಟ್‌ಗಳಲ್ಲಿ ಸಾಮಾನ್ಯವಾಗಿ 2.0, 2.3, 2.7 ಮಿ.ಮೀ. ಇರುತ್ತವೆ, ಕೆಲವದರಲ್ಲಿ 1.8 ಸಹ. ಬೆಸುಗೆಮನೆಯವರು ಹೇಳಿದ ಅಲುಗಾಟದ ಪರೀಕ್ಷೆಯೇ ಇದಕ್ಕೂ. ಇನ್ನೊಂದು ನೋಡಿಕೊಳ್ಳಿ: ತೂತು ಎಷ್ಟು ಆಳ, ಎಷ್ಟು ಅಗಲ. ಸಾಮಾನ್ಯ ಬಿಟ್‌ಗಳ ಬುಡ 6.35 ಮಿ.ಮೀ. ಷಟ್ಕೋನ, ಸಣ್ಣ ಕೆಲಸದ ಬಿಟ್‌ಗಳ ಬುಡ 4 ಮಿ.ಮೀ. ತೂತಿನ ಬಾಯಿ 6 ಮಿ.ಮೀ. ಇದ್ದರೆ ಮೊದಲನೆಯದು ಅರ್ಧಕ್ಕೇ ನಿಲ್ಲುತ್ತದೆ. ಬಿಟ್ ತರಿಸುವ ಮುಂಚೆ ಒಂದು ತೆಳು ಕಡ್ಡಿ ಇಳಿಸಿ ಆಳ ಅಳೆಯಿರಿ. ಆಳ 30 ಮಿ.ಮೀ. ದಾಟಿದರೆ 50 ಮಿ.ಮೀ. ಉದ್ದದ ಬಿಟ್ ಬೇಕು.

ಬಿಟ್ ಇಲ್ಲದಿದ್ದರೆ, ತ್ರಿಕೋನದ ಒಂದು ಬದಿಯಷ್ಟೇ ಅಗಲದ ಚಪ್ಪಟೆ ಸ್ಕ್ರೂಡ್ರೈವರ್ ಒಳಗೆ ಬಿಗಿಯಾಗಿ ಕೂತರೆ ತಿರುಗುತ್ತದೆ. ಈ ವಿಚಿತ್ರ ತಲೆಗಳಲ್ಲಿ ಬದಲಿ ಸಾಧನಕ್ಕೆ ಬೇಗ ಬಗ್ಗುವುದು ಇದೇ. ಸ್ಕ್ರೂ ಬಂದ ಮೇಲೂ ಕವಚ ಬರದಿದ್ದರೆ ಆಶ್ಚರ್ಯಪಡಬೇಡಿ. ಬಹಳಷ್ಟು ಅಡಾಪ್ಟರ್‌ಗಳ ಅಂಚನ್ನು ಅಂಟಿಸಿಯೋ ಅಲ್ಟ್ರಾಸೌಂಡ್‌ನಿಂದ ಬೆಸೆದೋ ಇರುತ್ತಾರೆ.

ಹಳೇ ಕನ್ಸೋಲ್:
ಕಾರ್ಟ್ರಿಜ್ ವಿಷಯ ನನಗಿರಲಿ. ಆ ಸ್ಕ್ರೂಗೆ ಗೇಮ್‌ಬಿಟ್ ಅನ್ನುತ್ತಾರೆ. ಎರಡೇ ಅಳತೆ: 3.8 ಮಿ.ಮೀ. ಮತ್ತು 4.5 ಮಿ.ಮೀ. ಎನ್‌ಇಎಸ್ (ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್), ಸೂಪರ್ ನಿಂಟೆಂಡೊ, ನಿಂಟೆಂಡೊ 64, ಗೇಮ್ ಬಾಯ್ ಕಾರ್ಟ್ರಿಜ್‌ಗಳಿಗೆ 3.8. ಸೂಪರ್ ನಿಂಟೆಂಡೊ, ನಿಂಟೆಂಡೊ 64, ಗೇಮ್‌ಕ್ಯೂಬ್ ಕನ್ಸೋಲ್‌ಗಳಿಗೆ 4.5. ಮೊದಮೊದಲ ಎನ್‌ಇಎಸ್ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯ ಸೀಳು ಸ್ಕ್ರೂಗಳೇ ಇದ್ದವು, ಅಂಥದ್ದು ಸಿಕ್ಕರೆ ನಕಲಿ ಎಂದುಕೊಳ್ಳಬೇಡಿ.

ಬಿಟ್ ಇಲ್ಲದವರ ಹಳೇ ಉಪಾಯ: ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಲೈಟರ್‌ನಲ್ಲಿ 5-6 ಸೆಕೆಂಡ್ ಬಿಸಿ ಮಾಡಿ, ಮೆತ್ತಗಾದಾಗ ಸ್ಕ್ರೂ ತಲೆಯ ಮೇಲೆ ನೇರವಾಗಿ ಒತ್ತಿ, ಅಲುಗಿಸದೆ ಒಂದು ನಿಮಿಷ ಬಿಟ್ಟು ತಿರುಗಿಸುವುದು. ತಣ್ಣಗಾದ ಪ್ಲಾಸ್ಟಿಕ್ ಕಚ್ಚುಗಳ ಅಚ್ಚು ಹಿಡಿದಿರುತ್ತದೆ. ಇದು ನಡೆಯುತ್ತದೆ, ಆದರೆ ಒಂದೆರಡು ಸ್ಕ್ರೂಗೆ ಮಾತ್ರ, ಅದೂ ಹಗುರವಾಗಿ ಬಿಗಿದದ್ದಕ್ಕೆ. ಬಿಸಿ ಹೆಚ್ಚಾದರೆ ಕರಗಿದ್ದು ಗುಂಡಿಯ ಗೋಡೆಗೆ ಅಂಟಿ ಕಾರ್ಟ್ರಿಜ್‌ಗೇ ಕಲೆಯಾಗುತ್ತದೆ. ಬೆಲೆಬಾಳುವ ಕಾರ್ಟ್ರಿಜ್ ಆದರೆ ಬಿಟ್ ಬರುವವರೆಗೆ ಕಾಯಿರಿ.

ಕಾರ್ಟ್ರಿಜ್ ಬಿಚ್ಚುವುದು ಸಾಮಾನ್ಯವಾಗಿ ಒಳಗಿನ ಬ್ಯಾಟರಿ ಬದಲಿಸಲು. ಆ ಬಟನ್ ಸೆಲ್ ತೆಗೆದ ಕ್ಷಣಕ್ಕೆ ಸೇವ್ ಆಗಿದ್ದ ಆಟ ಹೋಗುತ್ತದೆ. ಉಳಿಸಿಕೊಳ್ಳಬೇಕಿದ್ದರೆ ಸ್ಕ್ರೂಗೆ ಕೈ ಹಾಕುವ ಮೊದಲೇ ಕಾರ್ಟ್ರಿಜ್ ರೀಡರ್‌ನಲ್ಲಿ ಸೇವ್ ಫೈಲ್ ನಕಲು ಮಾಡಿಟ್ಟುಕೊಳ್ಳಿ.

ಇನ್ನು ಮೂರು ರೆಕ್ಕೆಯದು. ಗೇಮ್ ಬಾಯ್ ಅಡ್ವಾನ್ಸ್, ವೀ, ಸ್ವಿಚ್ ಎಲ್ಲದರಲ್ಲೂ ಇದೆ. ಸ್ವಿಚ್‌ನ ಬೆನ್ನಿನ ಮೂಲೆಗಳ ನಾಲ್ಕಕ್ಕೆ ವೈ00 ಬಿಟ್. ಆ ಸ್ಕ್ರೂಗಳ ಲೋಹ ಮೆತ್ತಗೆ, ಗುಂಡಿ ಆಳವಿಲ್ಲ, ಒಂದೇ ಸಲ ಜಾರಿದರೂ ರೆಕ್ಕೆಗಳು ದುಂಡಗಾಗುತ್ತವೆ. ಪ್ಲಸ್ ಬಿಟ್‌ನ ಒಂದು ರೆಕ್ಕೆ ಉಜ್ಜಿ ಮೂರು ಮಾಡಿದರೆ ಸಾಕೆಂದು ಅಲ್ಲಲ್ಲಿ ಓದುತ್ತೇವೆ. ಪ್ಲಸ್‌ನ ರೆಕ್ಕೆಗಳ ನಡುವೆ 90 ಡಿಗ್ರಿ, ಇದರಲ್ಲಿ 120. ಮೂರೂ ರೆಕ್ಕೆ ಒಟ್ಟಿಗೆ ಕೂರಲು ಸಾಧ್ಯವೇ ಇಲ್ಲ.

ಉಕ್ಕಿನ ಅರ:
ಬದಲಿ ಸಾಧನಗಳ ಬಗ್ಗೆ ಒಂದು ಲೆಕ್ಕ ತಲೆಯಲ್ಲಿದ್ದರೆ ಯಾವುದು ನಡೆಯುತ್ತದೆ, ಯಾವುದು ಇಲ್ಲ ಅನ್ನುವುದು ನೀವೇ ಹೇಳಬಹುದು. ಚಪ್ಪಟೆ ಬ್ಲೇಡ್ ತಿರುಗಿಸಬೇಕಾದರೆ ಅದರ ಎರಡು ತುದಿಗೂ ಎದುರುಬದುರು ಆಸರೆ ಬೇಕು. ಆರು ಮೂಲೆಯ ನಕ್ಷತ್ರದಲ್ಲಿ ಪ್ರತಿ ಮೂಲೆಗೂ ಎದುರು ಒಂದು ಮೂಲೆ ಇದೆ, ಮೊಳೆ ಇಲ್ಲದಿದ್ದರೆ ಚಪ್ಪಟೆ ಬ್ಲೇಡ್ ಕಚ್ಚುತ್ತದೆ. ಐದು ಎಸಳಿನ ಪೆಂಟಲೋಬ್‌ನಲ್ಲಿ ಪ್ರತಿ ಎಸಳಿನ ಎದುರಿಗೆ ಬರುವುದು ಎರಡು ಎಸಳಿನ ನಡುವಿನ ಗೋಡೆ. ಒಂದು ತುದಿ ಕೂತರೆ ಇನ್ನೊಂದು ಕೂರುವುದಿಲ್ಲ. ಮೂರು ರೆಕ್ಕೆಯದಕ್ಕೂ ಇದೇ ತೊಡಕು. ಎಸಳು ಅಥವಾ ರೆಕ್ಕೆ ಬೆಸ ಸಂಖ್ಯೆಯಲ್ಲಿರುವ ತಲೆ ಕಂಡರೆ ಬದಲಿ ಉಪಾಯ ಬಿಟ್ಟು ಬಿಟ್ ತರಿಸಿ. ತ್ರಿಕೋನ ಬೇರೆ, ಅದರಲ್ಲಿ ಬ್ಲೇಡ್ ಒಂದು ಬದಿಯ ಉದ್ದಕ್ಕೂ ಕೂರುತ್ತದೆ.

ಎರಡು ಕಣ್ಣಿನ ಸ್ಕ್ರೂ, ಅಂದರೆ ಹಾವಿನ ಕಣ್ಣಿನಂತೆ ಎರಡು ತೂತು ಇರುವುದು, ಕೈಯಲ್ಲೇ ಮಾಡಿಕೊಳ್ಳಬಹುದಾದ ಸಾಧನಕ್ಕೆ ಬರುತ್ತದೆ. ಅಗಲ ಸರಿಹೊಂದುವ ಹಳೇ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯ ನಡುಭಾಗವನ್ನು ತೆಳು ಅರದಲ್ಲಿ ಉಜ್ಜಿ ಕಚ್ಚು ಮಾಡಿ, ಎರಡು ಹಲ್ಲು ಉಳಿಸಿ. ಗ್ರೈಂಡರ್‌ನಲ್ಲಿ ಮಾಡಿದರೆ ತುದಿ ನೀಲಿಗೆ ತಿರುಗುವಷ್ಟು ಬಿಸಿಯಾಗಲು ಬಿಡಬೇಡಿ, ಉಕ್ಕಿನ ಹದ ಹೋಗಿ ಹಲ್ಲು ಬಾಗುತ್ತದೆ. ಎರಡು ಸೆಕೆಂಡ್ ಉಜ್ಜಿ, ನೀರಿಗೆ ಅದ್ದಿ, ಮತ್ತೆ ಉಜ್ಜಿ.

ಮೊಳೆಯಿರುವ ನಕ್ಷತ್ರಕ್ಕೆ ಬಿಟ್ ಇಲ್ಲದಿದ್ದರೆ ಮೊಳೆಯನ್ನೇ ಮುರಿಯುವುದುಂಟು. ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರನ್ನು ಮೊಳೆಯ ಬದಿಗೆ ಇಟ್ಟು ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಸಾಮಾನ್ಯವಾಗಿ ಬುಡದಲ್ಲೇ ಮುರಿಯುತ್ತದೆ, ಆಮೇಲೆ ಸಾಮಾನ್ಯ ಟಿ8 ಇಳಿಯುತ್ತದೆ. ಆದರೆ ಏಟಿನ ಪೆಟ್ಟು ಸ್ಕ್ರೂ ಕೂತಿರುವ ಪ್ಲಾಸ್ಟಿಕ್ ಕಂಬಕ್ಕೂ ಬೀಳುತ್ತದೆ. ಮುರಿದ ಚೂರು ಒಳಗೆ ಬಿದ್ದರೆ ಬೋರ್ಡ್ ಶಾರ್ಟ್ ಆಗುತ್ತದೆ, ಅದನ್ನು ಅಯಸ್ಕಾಂತದಿಂದ ಎತ್ತಿ ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಕೆಲಸ. ಸಾಮಾನ್ಯ ಬಿಟ್‌ಗೆ ತೂತು ಕೊರೆದು ಸೆಕ್ಯುರಿಟಿ ಬಿಟ್ ಮಾಡುವ ಯೋಚನೆ ಇದ್ದರೆ ಕೈಬಿಡಿ. ಎಸ್2 ಉಕ್ಕಿನ ಬಿಟ್ ಎಷ್ಟು ಗಡಸೆಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರಿ ಮೊಂಡಾಗುತ್ತದೆ.

ಸೂಕ್ಷ್ಮದರ್ಶಿ:
ಫೋನ್, ಲ್ಯಾಪ್‌ಟಾಪ್ ಹುಡುಕಿಕೊಂಡು ಈ ಚರ್ಚೆಗೆ ಬರುವವರಿಗಾಗಿ ಸೇರಿಸುತ್ತೇನೆ. ಪೆಂಟಲೋಬ್ ಆಪಲ್ ಸಾಧನಗಳಲ್ಲಿ ಕಾಣಿಸಿಕೊಂಡದ್ದು 2009ರ ಮ್ಯಾಕ್‌ಬುಕ್ ಪ್ರೊ ಬ್ಯಾಟರಿಯಲ್ಲಿ. ಆಮೇಲೆ ಐಫೋನ್ 4ಕ್ಕೆ ಬಂತು. ಐಫೋನ್ ಕೆಳಗಂಚಿನ ಎರಡಕ್ಕೆ ಪಿ2, ಅಂದರೆ 0.8 ಮಿ.ಮೀ. ಮ್ಯಾಕ್‌ಬುಕ್ ಏರ್ ಮತ್ತು ರೆಟಿನಾ ಮ್ಯಾಕ್‌ಬುಕ್ ಪ್ರೊ ತಳಕ್ಕೆ ಪಿ5, ಅಂದರೆ 1.2 ಮಿ.ಮೀ. ಐಫೋನ್ 7ರಿಂದ ಒಳಗೆ ಮೂರು ರೆಕ್ಕೆಯ ವೈ000 ಕೂಡ ಬರುತ್ತದೆ. ಐದು ಎಸಳಿದ್ದು ನಡುವೆ ಮೊಳೆಯೂ ಇದ್ದರೆ ಅದು ಪೆಂಟಲೋಬ್ ಅಲ್ಲ, ಸೆಕ್ಯುರಿಟಿ ಟಾರ್ಕ್ಸ್ ಪ್ಲಸ್. ಅದರ ಬಿಟ್ಟೇ ಬೇರೆ.

ವಿಚಿತ್ರ ತಲೆಯ ಕಡೆ ಎಲ್ಲರ ಗಮನ ಹೋಗುತ್ತದೆ, ಸವೆಯುವುದು ಮಾತ್ರ ಸಾದಾ ಪ್ಲಸ್. ಜಪಾನಿನ ಸಾಧನಗಳ ಪ್ಲಸ್ ಬಹಳ ಸಲ ಎಲ್ಲೆಡೆ ಸಿಗುವ ಫಿಲಿಪ್ಸ್ ಅಲ್ಲ, ಜಪಾನಿನ ಮಾನಕದ ಜೆಐಎಸ್. ಕೆಲವು ಸ್ಕ್ರೂ ತಲೆಯ ಮೇಲೆ ಸಣ್ಣ ಚುಕ್ಕೆ ಇರುತ್ತದೆ, ಅದೇ ಗುರುತು. ಫಿಲಿಪ್ಸ್ ಬಿಟ್ ಅದರ ತಳ ಮುಟ್ಟುವ ಮೊದಲೇ ನಿಂತು ಮೇಲಕ್ಕೆ ಜಾರುತ್ತದೆ. ಜೆಐಎಸ್ ಬಿಟ್ ಆದರೆ ಎರಡಕ್ಕೂ ಚೆನ್ನಾಗಿ ಕೂರುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಜೆಐಎಸ್ ಕೊಳ್ಳಿ.

ಗಟ್ಟಿಯಾಗಿ ಹಿಡಿದಿರುವ ಸಣ್ಣ ಸ್ಕ್ರೂಗಳ ಥ್ರೆಡ್‌ಗೆ ಸಾಮಾನ್ಯವಾಗಿ ಲಾಕ್ ಅಂಟು ಬಳಿದಿರುತ್ತಾರೆ. ನೀಲಿ ಅಂಟು ಕೈಬಲಕ್ಕೆ ಬಿಡುತ್ತದೆ, ಮೊದಲು ಟಕ್ ಅಂತ ಬಿಟ್ಟು ಆಮೇಲೆ ಒರಟಾಗಿ ತಿರುಗುತ್ತದೆ. ಕೆಂಪು ಅಂಟು ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾಣುವವರೆಗೆ ಬಗ್ಗುವುದಿಲ್ಲ. ಲೋಹದ ಚೌಕಟ್ಟಿನಲ್ಲಿರುವ ಸ್ಕ್ರೂ ಆದರೆ 350 ಡಿಗ್ರಿಗೆ ಇಟ್ಟ ಸೋಲ್ಡರಿಂಗ್ ಐರನ್ ತುದಿಯನ್ನು ತಲೆಗೆ 10-15 ಸೆಕೆಂಡ್ ಮುಟ್ಟಿಸಿ, ಬಿಸಿ ಆರುವ ಮೊದಲೇ ಬಿಟ್ ಇಟ್ಟು ತಿರುಗಿಸಿ. ಪ್ಲಾಸ್ಟಿಕ್‌ನೊಳಗೆ ಕೂತಿದ್ದರೆ 3 ಸೆಕೆಂಡ್ ಸಾಕು, ಅದಕ್ಕೂ ಮೇಲೆ ಸ್ಕ್ರೂ ಬದಲು ಅದರ ಬುಡವೇ ಸಡಿಲವಾಗುತ್ತದೆ. ಪಕ್ಕದಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಈ ದಾರಿಯೇ ಬೇಡ.

ಮೂರನೇ ಕೈ:
ಟಿಆರ್8 ಬಿಟ್ ಬಂತು. ಕಂಟ್ರೋಲರ್‌ನ ನಾಲ್ಕು ಸಲೀಸಾಗಿ ಬಂದವು, ಸ್ಟಿಕರ್ ಕೆಳಗಿನದೂ ಸೇರಿ. ಸವೆದದ್ದು ಮಾತ್ರ ಬರುತ್ತಿಲ್ಲ, ಬಿಟ್ ಒಳಗೇ ಸುತ್ತುತ್ತದೆ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಬಹುದೇ? ಡಬ್ಲ್ಯೂಡಿ-40 ಹಾಕಲೇ?

ಹಳೇ ಕನ್ಸೋಲ್:
ರಬ್ಬರ್ ಬ್ಯಾಂಡ್ ಮರದ ಕೆಲಸದ ದೊಡ್ಡ ಸ್ಕ್ರೂಗಳಿಗೆ. ಇಷ್ಟು ಸಣ್ಣ ಗುಂಡಿಯಲ್ಲಿ ರಬ್ಬರೇ ಜಾಗ ತುಂಬಿಕೊಂಡು ಬಿಟ್ ಮೇಲಕ್ಕೆ ನಿಲ್ಲುತ್ತದೆ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಒಂದು ಸಾಸಿವೆಯಷ್ಟು ಹಚ್ಚಿ ನೋಡಿ, ಅದರ ಹರಳುಗಳು ಬಿಟ್‌ಗೂ ಸ್ಕ್ರೂಗೂ ನಡುವೆ ಕಚ್ಚುತ್ತವೆ.

ಉಕ್ಕಿನ ಅರ:
ಎಣ್ಣೆ ಬೇಡ. ಪ್ಲಾಸ್ಟಿಕ್‌ಗೆ ಹಾಕಿದ ಸ್ಕ್ರೂ ತುಕ್ಕು ಹಿಡಿದು ಕೂತಿರುವುದಿಲ್ಲ, ಹಾಗಾಗಿ ಎಣ್ಣೆಯಿಂದ ಲಾಭವೇ ಇಲ್ಲ. ನಷ್ಟ ಇದೆ: ಬಿಗಿತದಲ್ಲಿರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮೇಲೆ ಕೆಲವು ಎಣ್ಣೆ, ದ್ರಾವಕ ಬಿದ್ದರೆ ಕಂಬದ ಸುತ್ತ ಕೂದಲೆಳೆಯಂಥ ಬಿರುಕು ಬರುತ್ತದೆ. ಬಿಟ್ ಜಾರುವುದೂ ಹೆಚ್ಚಾಗುತ್ತದೆ.

ಮೊದಲು ಪೇಸ್ಟ್ ಹಚ್ಚಿ. ಬಿಟ್ ನೇರ ಇರಲಿ, ಬಲದಲ್ಲಿ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ. ಬಿಚ್ಚುವ ಮುಂಚೆ ಒಂದು ಎಳೆಯಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿ ನೋಡಿ, ಆ ಕಡೆಯ ಅಂಚುಗಳು ಇನ್ನೂ ಹೊಸದಾಗಿರುತ್ತವೆ. ಹಿಡಿತ ಬಿಟ್ಟುಕೊಂಡರೆ ವಾಪಸ್ ಬರುವುದು ಸುಲಭ.

ಅದಕ್ಕೂ ಬರದಿದ್ದರೆ ಬದಲಿ ಬಿಟ್ ಅಂಟಿಸುವುದು. ಸವೆದರೂ ಪರವಾಗಿಲ್ಲ ಅನ್ನಿಸುವ ಹಳೇ ಬಿಟ್ ತೆಗೆದುಕೊಳ್ಳಿ, ಸ್ಕ್ರೂ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಪೇಸ್ಟ್ ಪೂರ್ತಿ ತೆಗೆಯಿರಿ, ಎರಡು ಭಾಗದ ಎಪಾಕ್ಸಿ ಒಂದು ಸೂಜಿ ಮೊನೆಯಷ್ಟು ಗುಂಡಿಗೆ ಹಾಕಿ ಬಿಟ್ ನಿಲ್ಲಿಸಿ. ಐದು ನಿಮಿಷದ್ದು ಎಂದು ಡಬ್ಬಿ ಹೇಳಿದರೂ ಒಂದು ದಿನ ಬಿಡಿ. ಅಂಟು ತಲೆಯ ಅಂಚು ದಾಟಿ ಪ್ಲಾಸ್ಟಿಕ್‌ಗೆ ಇಳಿದರೆ ಸ್ಕ್ರೂ ಶಾಶ್ವತವಾಗಿ ಅಲ್ಲೇ, ಅದಕ್ಕೇ ಸೂಜಿ ಮೊನೆ ಅಂದದ್ದು.

ಕೊನೆಯದು ಡ್ರಿಲ್. ತಲೆಯನ್ನು ಮಾತ್ರ ಕೊರೆದು ಬಿಡಿಸುವುದು, ಇಡೀ ಸ್ಕ್ರೂ ಕೊರೆಯುವುದಲ್ಲ. ಹೊರಗೆ ಬಂದ ನಾಲ್ಕರಲ್ಲಿ ಒಂದರ ಕಡ್ಡಿಯ ದಪ್ಪ ಅಳೆಯಿರಿ, ಅದಕ್ಕಿಂತ 0.2 ಮಿ.ಮೀ. ದೊಡ್ಡ ಡ್ರಿಲ್ ಬಿಟ್ ಹಾಕಿ. ಗುಂಡಿಯಲ್ಲಿ ಮೊಳೆ ಉಳಿದಿದ್ದರೆ ಬಿಟ್ ಪಕ್ಕಕ್ಕೆ ಓಡುತ್ತದೆ, ಅದನ್ನು ಮೊದಲು ಮುರಿದುಬಿಡಿ. ಕಡಿಮೆ ವೇಗ, ಒಂದು ಸಲಕ್ಕೆ 2-3 ಸೆಕೆಂಡ್. ನಿಲ್ಲಿಸದೆ ಕೊರೆದರೆ ಸ್ಕ್ರೂ ಕಾದು ಪ್ಲಾಸ್ಟಿಕ್ ಕಂಬ ಮೇಣದಂತೆ ಮೆತ್ತಗಾಗುತ್ತದೆ. ತಲೆ ಬಿಟ್ಟ ಕೂಡಲೇ ಬಿಟ್ ಸುತ್ತ ಬಳೆಯಂತೆ ತಿರುಗತೊಡಗುತ್ತದೆ, ಅಲ್ಲಿಗೆ ನಿಲ್ಲಿಸಿ. ಕವಚ ಎತ್ತಿದರೆ ತಲೆಯಿಲ್ಲದ ಕಡ್ಡಿ ನಿಂತಿರುತ್ತದೆ, ಇಕ್ಕಳದಲ್ಲಿ ಹಿಡಿದು ತಿರುಗಿಸಿ.

ಕೊರೆದ ಪುಡಿ ವಿದ್ಯುತ್ ಹರಿಸುತ್ತದೆ. ಕೊರೆಯುವ ಮುಂಚೆಯೇ ಬ್ಯಾಟರಿ ತೆಗೆದು, ಸುತ್ತಲ ಸಂದುಗಳಿಗೆಲ್ಲ ಟೇಪ್ ಹಚ್ಚಿ. ಪುಡಿಯನ್ನು ಊದಬೇಡಿ, ಊದಿದರೆ ಒಳಗೆ ಹೋಗುತ್ತದೆ. ಟೇಪಿನ ಅಂಟು ಬದಿಯಿಂದ ಒತ್ತಿ ಎತ್ತಿಕೊಳ್ಳಿ.

ಸೂಕ್ಷ್ಮದರ್ಶಿ:
ಬಿಚ್ಚಿದ ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಹಾಕುವವರಿಗೆ ಒಂದು ಮಾತು. ಕಂಟ್ರೋಲರ್‌ನಲ್ಲಿ ಎಲ್ಲ ಒಂದೇ ಉದ್ದ ಇರಬಹುದು, ಫೋನಿನಲ್ಲಿ ಹಾಗಲ್ಲ. ಪಕ್ಕಪಕ್ಕದ ಎರಡು ಸ್ಕ್ರೂಗಳಲ್ಲಿ 0.3-0.4 ಮಿ.ಮೀ. ಉದ್ದ ಹೆಚ್ಚುಕಡಿಮೆ ಇರುತ್ತದೆ. ಉದ್ದನೆಯದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ತುದಿ ಬೋರ್ಡಿನೊಳಗೆ ಕೊರೆದು ಪದರಗಳ ನಡುವಿನ ತಾಮ್ರದ ಗೆರೆ ಕತ್ತರಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಫೋನ್ ಮಾತ್ರ ಏಳುವುದಿಲ್ಲ. ಕಾಗದದ ಮೇಲೆ ಸಾಧನದ ಆಕಾರ ಬರೆದು, ಅದೇ ಜಾಗದಲ್ಲಿ ಎರಡು ಬದಿ ಅಂಟುವ ಟೇಪ್ ಹಚ್ಚಿ ಸ್ಕ್ರೂ ನಿಲ್ಲಿಸಿ.

ಮೂರನೇ ಕೈ:
ಪೇಸ್ಟ್ ಕೆಲಸ ಮಾಡಿತು, ಡ್ರಿಲ್ ಬೇಕಾಗಲಿಲ್ಲ. ಸವೆದ ಸ್ಕ್ರೂ ಬದಲು ಬೇರೆ ಹಾಕುತ್ತೇನೆ. ಪ್ಲಾಸ್ಟಿಕ್ ಕಂಬಕ್ಕೆ ವಾಪಸ್ ಹಾಕುವಾಗ ಎಷ್ಟು ಬಿಗಿಯಬೇಕು?

ಬೆಸುಗೆಮನೆ:
ಬಿಗಿಯುವುದಕ್ಕಿಂತ ಮುಂಚಿನ ಒಂದು ಹೆಜ್ಜೆ ಮುಖ್ಯ. ಮೊದಲ ಸಲ ಹಾಕಿದಾಗ ಸ್ಕ್ರೂ ತಾನೇ ಪ್ಲಾಸ್ಟಿಕ್‌ನಲ್ಲಿ ಥ್ರೆಡ್ ಕೊರೆದುಕೊಂಡಿರುತ್ತದೆ. ನೀವು ನೇರವಾಗಿ ಬಲಕ್ಕೆ ತಿರುಗಿಸಿದರೆ ಅದು ಹಳೇ ಥ್ರೆಡ್‌ಗೆ ಅಡ್ಡವಾಗಿ ಹೊಸದೊಂದನ್ನು ಕೊರೆಯುತ್ತದೆ, ಎರಡು ಮೂರು ಸಲ ಹೀಗಾದರೆ ಕಂಬದಲ್ಲಿ ಹಿಡಿತವೇ ಉಳಿಯುವುದಿಲ್ಲ. ಸ್ಕ್ರೂ ಇಟ್ಟು, ಭಾರ ಹಾಕದೆ, ಎಡಕ್ಕೆ ನಿಧಾನವಾಗಿ ತಿರುಗಿಸಿ. ಒಂದು ಸುತ್ತಿನೊಳಗೆ ಎಲ್ಲೋ ಒಂದು ಕಡೆ ಸ್ಕ್ರೂ ಟಿಕ್ ಅಂತ ಕೆಳಕ್ಕೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಅದು ಹಳೇ ಥ್ರೆಡ್‌ನ ಬಾಯಿ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ಹೋಗುತ್ತದೆ. ಶುರುವಿನಲ್ಲೇ ಗಟ್ಟಿ ಅನಿಸಿದರೆ ತೆಗೆದು ಮತ್ತೆ ಎಡಕ್ಕೆ ತಿರುಗಿಸಿ ಹುಡುಕಿ.

ಐದನ್ನೂ ಅರ್ಧ ಅರ್ಧ ಕೂರಿಸಿ, ಕವಚದ ಸಂದು ಎಲ್ಲ ಕಡೆ ಸಮ ಮುಚ್ಚಿದೆಯೇ ನೋಡಿ, ಆಮೇಲೆ ಬಿಗಿಯಿರಿ. ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಮಾತ್ರ. ತಲೆ ಪ್ಲಾಸ್ಟಿಕ್ ಮುಟ್ಟಿ ತಡೆ ಬಂದ ಮೇಲೆ ಕಾಲು ಸುತ್ತಿಗೂ ಕಡಿಮೆ. ಸ್ಟಿಕರ್ ಕೆಳಗಿನದನ್ನು ಕೊನೆಗೆ ಹಾಕಿ, ಟ್ರಿಗರ್ ಮತ್ತು ಬಟನ್‌ಗಳು ಎಲ್ಲೂ ಹಿಡಿಯದೆ ಆಡುತ್ತಿವೆಯೇ ಎಂದು ಒತ್ತಿ ನೋಡಿದ ಮೇಲೆ.